ಇಲಿಯ ಹೃದಯ, ಬಂಗಾಳದ ಬಾಣಲೆ

ಅಮೆರಿಕದ ಭಾರತೀಯ ದಿನಸಿ ಅಂಗಡಿಗಳಲ್ಲಿ ಸಾಸಿವೆ ಎಣ್ಣೆಯ ಬಾಟಲಿ ಮೇಲೆ ‘ಬಾಹ್ಯ ಬಳಕೆಗೆ ಮಾತ್ರ’ ಎಂದು ಅಚ್ಚಾಗಿರುತ್ತದೆ. ಬಂಗಾಳ, ಬಿಹಾರಗಳಲ್ಲಿ ಮೀನಿನ ಸಾರಿನಿಂದ ಉಪ್ಪಿನಕಾಯಿವರೆಗೆ ಬಳಸುವ ಈ ಎಣ್ಣೆಯನ್ನು ಅಡುಗೆಗೆಂದು ಮಾರಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಪ್ಪುವುದಿಲ್ಲ. ಕಾರಣ, ಅದರ ಕೊಬ್ಬಿನಾಮ್ಲಗಳಲ್ಲಿ ಸಾಮಾನ್ಯವಾಗಿ ಶೇ 40ರಿಂದ 50ರಷ್ಟಿರುವ ಎರುಸಿಕ್ ಆಮ್ಲ. ಈ ನಿಷೇಧದ ಬೇರು ಪ್ರಾಣಿಪ್ರಯೋಗಗಳಲ್ಲಿದೆ. ಅವುಗಳನ್ನು ಪೂರ್ತಿ ಓದಿದರೆ, ಮನುಷ್ಯರ ಅಡುಗೆಮನೆಯ ಮೇಲೆ ಇಷ್ಟು ದೊಡ್ಡ ತೀರ್ಪು ಕೊಡಲು ಅವು ಸಾಲವು ಎಂಬುದು ನನ್ನ ವಾದ.

ಎರುಸಿಕ್ ಆಮ್ಲದ ಸರಪಳಿಯಲ್ಲಿ 22 ಇಂಗಾಲದ ಪರಮಾಣುಗಳಿವೆ. ಇಷ್ಟು ಉದ್ದದ ಕೊಬ್ಬನ್ನು ಉರಿಸಲು ಹೃದಯಕೋಶದ ಮೈಟೊಕಾಂಡ್ರಿಯಾ ತಡವರಿಸುತ್ತದೆ. ಮೊದಲು ಪೆರಾಕ್ಸಿಸೋಮ್ ಎಂಬ ಇನ್ನೊಂದು ಅಂಗಕ ಅದನ್ನು ಮೊಟಕುಗೊಳಿಸಬೇಕು. ಆಹಾರದ ಶಕ್ತಿಯ ದೊಡ್ಡ ಪಾಲನ್ನು ಇಂಥ ಎಣ್ಣೆಯಿಂದಲೇ ಪಡೆದ ಇಲಿಗಳ ಹೃದಯದಲ್ಲಿ ಮೊದಲ ವಾರದಲ್ಲೇ ಕೊಬ್ಬು ತುಂಬಿಕೊಳ್ಳುತ್ತದೆ. ಆದರೆ ಅದೇ ಆಹಾರ ಮುಂದುವರಿದರೂ, ಯಕೃತ್ತಿನ ಪೆರಾಕ್ಸಿಸೋಮ್ ಚುರುಕಾದಂತೆ, ಆ ಕೊಬ್ಬು ಇಳಿಯುತ್ತದೆ. ದೀರ್ಘಕಾಲದಲ್ಲಿ ಗಂಡು ಇಲಿಗಳ ಹೃದಯಸ್ನಾಯುವಿಗೆ ಗಾಯಗಳಾದದ್ದು ನಿಜ. ಎರುಸಿಕ್ ತೀರ ಕಡಿಮೆಯಿದ್ದ ಎಣ್ಣೆ ತಿಂದ ಇಲಿಗಳಲ್ಲೂ ಅಂಥ ಗಾಯಗಳು ಕಂಡವು. ಇನ್ನು ಜೀರ್ಣದ ವಿಷಯ: ಇಲಿ ಈ ಎಣ್ಣೆಯ ಗಣನೀಯ ಪಾಲನ್ನು ಮಲದಲ್ಲಿ ಹೊರಹಾಕುತ್ತದೆ, ಮನುಷ್ಯ ಬಹುತೇಕ ಪೂರ್ತಿಯಾಗಿ ಹೀರಿಕೊಳ್ಳುತ್ತಾನೆ. ಈ ವ್ಯತ್ಯಾಸ ನನ್ನ ವಾದಕ್ಕೆ ಅನುಕೂಲವಲ್ಲ. ಆದರೂ ಒಂದು ಜೀವಿಯ ಲೆಕ್ಕವನ್ನು ಇನ್ನೊಂದಕ್ಕೆ ನೇರ ಹಚ್ಚಲಾಗದು ಎಂದು ಅದು ತೋರಿಸುತ್ತದೆ. ಮನುಷ್ಯರಲ್ಲಿ ಸಿಕ್ಕ ಸುಳಿವೂ ಇದೆ: ಅಡ್ರಿನೊಲ್ಯುಕೊಡಿಸ್ಟ್ರಫಿ ಎಂಬ ಆನುವಂಶಿಕ ಕಾಯಿಲೆ ಇರುವ ಹುಡುಗರಿಗೆ ಶುದ್ಧ ಎರುಸಿಕ್ ಬೆರೆಸಿದ ‘ಲೊರೆಂಜೊ ಎಣ್ಣೆ’ಯನ್ನು ವರ್ಷಗಟ್ಟಲೆ ಕೊಟ್ಟಾಗ ವೈದ್ಯರ ಗಮನಕ್ಕೆ ಬಂದ ಮುಖ್ಯ ಅಡ್ಡಪರಿಣಾಮ ಪ್ಲೇಟ್‌ಲೆಟ್ ಇಳಿಕೆ.

ಎಳೆ ಹಂದಿಮರಿಗಳಲ್ಲೂ ಹೃದಯದಲ್ಲಿ ಕೊಬ್ಬು ಕಂಡಿದೆಯಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ, ಪ್ರಾಣಿಗಳಿಗೆ ಹಾನಿಯಾಗದ ಪ್ರಮಾಣವನ್ನು 100ರಿಂದ ಭಾಗಿಸಿ, ದಿನಕ್ಕೆ ದೇಹತೂಕದ ಕಿಲೋಗೆ 7 ಮಿಲಿಗ್ರಾಂ ಮಿತಿ ಇಟ್ಟಿತು. ಒಂದು ದೊಡ್ಡ ಚಮಚ ಸಾಸಿವೆ ಎಣ್ಣೆಯಲ್ಲೇ 60 ಕಿಲೋ ತೂಗುವವರ ಮಿತಿಯ ಹತ್ತು ಪಟ್ಟು ಮೀರುತ್ತದೆ. ಹಾಗಾಗಿ ಪುಟ್ಟ ಮಕ್ಕಳಿಗೆ ಎಚ್ಚರಿಕೆ ಬೇಕೆಂಬುದನ್ನು ಒಪ್ಪುತ್ತೇನೆ. ‘ತಲೆಮಾರುಗಳಿಂದ ತಿಂದಿದ್ದೇವೆ, ಏನೂ ಆಗಿಲ್ಲ’ ಎಂಬ ಮಾತು ಇದಕ್ಕೆ ಉತ್ತರವಾಗದು. ಲಕ್ಷಣ ತೋರದ ಹಾನಿಯನ್ನು ಯಾರೂ ಮನೆಯಲ್ಲಿ ಕುಳಿತು ಎಣಿಸಿಲ್ಲ. ದಿನವೂ ಈ ಎಣ್ಣೆಯನ್ನೇ ತಿನ್ನುವ ಕೋಟ್ಯಂತರ ಜನ ಇರುವುದು ನಮ್ಮ ದೇಶದಲ್ಲಿ. ಅವರ ಹೃದಯಗಳನ್ನು ದೀರ್ಘಕಾಲ ಗಮನಿಸುವ ಅಧ್ಯಯನಕ್ಕೆ ಸರ್ಕಾರ ಹಣ ಕೊಡಲಿ. ಅಲ್ಲಿಯವರೆಗೆ ಪ್ರತಿ ಬಾಟಲಿಯ ಮೇಲೂ ಎರುಸಿಕ್ ಶೇಕಡಾವಾರು ನಮೂದಾಗಲಿ, ಎರುಸಿಕ್ ಶೇ 2ಕ್ಕಿಂತ ಕಡಿಮೆಯಿರುವ ಪೂಸಾ ಸಾಸಿವೆ 31ರಂಥ ತಳಿಯ ಎಣ್ಣೆಯೂ ಅದರ ಪಕ್ಕದಲ್ಲೇ ಸಿಗಲಿ.