ಬುರುಡೆ ಇರುವುದು ಹಲಗೆಯ ಅಡಿಗೆ

ಹೋದ ವಾರ ಮಾಯಸಂದ್ರದ ನಮ್ಮ ಮನೆ ಜಗಲಿಗೆ ಒಂದು ಪಂಚಾಯ್ತಿ ಬಂತು. ತಂದವರು ಎದುರು ಮನೆಯ ಅಜ್ಜಿ, ಏಳನೇ ತರಗತಿಯ ಮೊಮ್ಮಗ, ಐದನೇ ತರಗತಿಯ ಮೊಮ್ಮಗಳು. ಹುಡುಗನ ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಸ್ಕೇಟ್‌ಬೋರ್ಡು. ಬೆಂಗಳೂರಿನ ಚಿಕ್ಕಪ್ಪ ರಜೆಗೆ ಬಂದಾಗ ಇಬ್ಬರಿಗೂ ಸೇರಿ ಕೊಟ್ಟುಹೋದದ್ದು.

“ಮೇಷ್ಟ್ರೇ, ಇವನು ತಾನೂ ಆಡಲ್ಲ, ನನಗೂ ಕೊಡಲ್ಲ” ಅಂದಳು ಹುಡುಗಿ.

“ಪ್ಲಾಸ್ಟಿಕ್ ಬಿಚ್ಚಿದ್ರೆ ಬೆಲೆ ಹೋಗುತ್ತೆ ಮೇಷ್ಟ್ರೇ. ಹೀಗೇ ಜೋಪಾನವಾಗಿ ಇಟ್ಟವರು ಆಮೇಲೆ ಲಕ್ಷಗಟ್ಟಲೆಗೆ ಮಾರ್ತಾರೆ” ಅಂದ ಹುಡುಗ.

ಅಜ್ಜಿಯ ತಕರಾರೇ ಬೇರೆ. “ಅದೆಲ್ಲ ಇರ್ಲಿ. ಅದರ ಅಡೀಲಿ ತಲೆಬುರುಡೆ ಐತೆ ನೋಡಿ. ಮಕ್ಕಳು ಮಲಗೋ ಕೋಣೇಲಿ ಸ್ಮಶಾನದ ಚಿತ್ರ ಯಾಕೆ?”

ಮೂರು ಪ್ರಶ್ನೆಗೂ ಒಂದೇ ಉತ್ತರ ಸಾಲದು. ಕಾಫಿ ತರಿಸಿ ಕೂತೆವು.

ಮೊದಲು ಹಲಗೆಯ ಮಾತು. 1950ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿ ಜಾರುವ ಹುಡುಗರಿದ್ದರು. ಅಲೆ ಏಳದ ದಿನ ಅವರಿಗೆ ಕೈಕಾಲು ಸುಮ್ಮನಿರಲಿಲ್ಲ. ಕಾಲಿಗೆ ಕಟ್ಟುವ ಸ್ಕೇಟಿನ ಗಾಲಿ ಕಿತ್ತು ಮರದ ಹಲಗೆಗೆ ಹೊಡೆದು ರಸ್ತೆಗಿಳಿದರು. ಇದನ್ನು ಹೇಳುವಾಗ ಅಜ್ಜಿ ಸಣ್ಣಗೆ ನಕ್ಕರು. ಯಾಕೆಂದರೆ ನಮ್ಮ ಕಾಲದ ತಾತಂದಿರೆಲ್ಲ ಮಾಡಿದ್ದೂ ಅದೇ. ಗ್ಯಾರೇಜಿನವರು ಬಿಸಾಡಿದ ಬಾಲ್ ಬೇರಿಂಗ್ ಮೂರು, ಪೆಟ್ಟಿಗೆಯ ಹಲಗೆ ಎರಡು, ಮೊಳೆ ಒಂದಷ್ಟು. ಬೇರಿಂಗ್ ಗಾಡಿ ತಯಾರ್. ಟಾರು ರಸ್ತೆಯ ಇಳಿಜಾರಿನಲ್ಲಿ ಅದು ಕರ್ರೋ ಅಂತ ಕೂಗುತ್ತ ಬಂದರೆ ಇಡೀ ಬೀದಿ ಬೈಯುತ್ತಿತ್ತು. ಅದೂ ಇಲ್ಲದ ಮನೆಯ ಮಕ್ಕಳು ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡರು. ವ್ಯತ್ಯಾಸ ಇಷ್ಟೇ: ನಮ್ಮ ಗಾಡಿಯ ಚಿತ್ರವನ್ನು ಯಾರೂ ಅಂಗಿಯ ಮೇಲೆ ಅಚ್ಚು ಹಾಕಲಿಲ್ಲ.

ಅವರದನ್ನು ಹಾಕಿದರು. 1965ರ ಮೇ ತಿಂಗಳಲ್ಲಿ ‘ಲೈಫ್’ ಎಂಬ ಅಮೆರಿಕದ ದೊಡ್ಡ ವಾರಪತ್ರಿಕೆಯ ಮುಖಪುಟದಲ್ಲಿ ಸ್ಕೇಟ್‌ಬೋರ್ಡಿನ ಚಿತ್ರ ಬಂತು. ಓಡುವ ಹಲಗೆಯ ಮೇಲೆ ಕೈ ಊರಿ, ಕಾಲು ಮೇಲೆತ್ತಿ ನಿಂತದ್ದು ಹುಡುಗನಲ್ಲ, ಪ್ಯಾಟಿ ಮೆಗೀ ಎಂಬ ಹತ್ತೊಂಬತ್ತರ ಹುಡುಗಿ. ಆಮೇಲೆ ಅದೇನಾಯಿತೋ, ಸಿನಿಮಾದಲ್ಲೂ ಜಾಹೀರಾತಿನಲ್ಲೂ ಹಲಗೆ ಹುಡುಗರ ಪಾಲಾಯಿತು. 1985ರ ‘ಬ್ಯಾಕ್ ಟು ದಿ ಫ್ಯೂಚರ್’ ಸಿನಿಮಾದಲ್ಲಿ ನಾಯಕ ಒಬ್ಬ ಪುಟ್ಟ ಹುಡುಗನ ತಳ್ಳುಗಾಡಿಯ ಮೇಲಿನ ಪೆಟ್ಟಿಗೆ ಕಿತ್ತು, ಉಳಿದ ಹಲಗೆಯ ಮೇಲೆ ಪರಾರಿಯಾಗುತ್ತಾನೆ. ‘ಸಿಂಪ್ಸನ್ಸ್’ ಕಾರ್ಟೂನು ಶುರುವಾಗುವಾಗ ತರಲೆ ಬಾರ್ಟ್ ಶಾಲೆಯಿಂದ ಮನೆಗೆ ಬರುವುದೂ ಅದರ ಮೇಲೆಯೇ. ಹೀಗೆ ಹಲಗೆ ಎಂದರೆ ಹೇಳಿದ ಮಾತು ಕೇಳದ ಹುಡುಗ ಎಂಬ ಗುರುತು ನಿಂತಿತು. ಆ ಗುರುತೇ ಈಗ ಸ್ಕೂಲ್ ಬ್ಯಾಗು, ಜಾಮಿಟ್ರಿ ಬಾಕ್ಸು, ಟೀ ಶರ್ಟುಗಳ ಮೇಲೆ ಕೂತು ನಮ್ಮ ತುರುವೇಕೆರೆಯ ಅಂಗಡಿಗೂ ಬಂದಿದೆ. ನಿಜವಾದ ಹಲಗೆಯನ್ನು ಕಣ್ಣಲ್ಲಿ ಕಾಣದ ಮಕ್ಕಳೂ ಅದರ ಚಿತ್ರವನ್ನು ಬೆನ್ನಿಗೆ ಹಾಕಿಕೊಂಡು ಶಾಲೆಗೆ ಹೋಗುತ್ತಾರೆ.

ಇನ್ನು ಬುರುಡೆ. ಹಲಗೆಯ ಮೇಲ್ಭಾಗಕ್ಕೆ ಉಪ್ಪುಕಾಗದದಂಥ ಒರಟು ಹಾಳೆ ಅಂಟಿಸಿರುತ್ತಾರೆ, ಕಾಲು ಜಾರದಿರಲಿ ಎಂದು. ಅಲ್ಲಿ ಚಿತ್ರ ಬರೆದರೆ ಕಾಣುವುದಿಲ್ಲ. ಹಾಗಾಗಿ ಚಿತ್ರ ಅಡಿಗೆ ಹೋಯಿತು. ಅಡಿಯಲ್ಲಿರುವ ಚಿತ್ರ ಉಳಿದವರಿಗೆ ಯಾವಾಗ ಕಾಣುತ್ತದೆ ಹೇಳಿ ನೋಡೋಣ? ಹುಡುಗಿ ಥಟ್ಟನೆ ಹೇಳಿದಳು, “ಹಾರಿದಾಗ!” ಅಣ್ಣ ಸೇರಿಸಿದ, “ಬಿದ್ದಾಗ.” ಇಬ್ಬರದೂ ಸರಿ. ಅರೆಗಳಿಗೆ ಮಾತ್ರ ಕಾಣುವ ಚಿತ್ರ ದೂರದಿಂದಲೇ ಕಣ್ಣಿಗೆ ಹೊಡೆಯಬೇಕು. ಅದಕ್ಕೇ 1980ರ ದಶಕದಲ್ಲಿ ಪೊವೆಲ್ ಪೆರಾಲ್ಟಾ ಎಂಬ ಹಲಗೆ ಕಂಪನಿಗೆ ವರ್ನನ್ ಕೋರ್ಟ್‌ಲ್ಯಾಂಡ್ ಜಾನ್ಸನ್ ಬುರುಡೆ, ಎಲುಬುಗಳನ್ನು ಬರೆದುಕೊಟ್ಟ. ಸಾಂಟಾ ಕ್ರೂಜ್ ಕಂಪನಿಗೆ ಜಿಮ್ ಫಿಲಿಪ್ಸ್ 1985ರಲ್ಲಿ ಅಂಗೈಯಲ್ಲಿ ಬಾಯಿ ಇರುವ, ಕಿರುಚುವ ನೀಲಿ ಕೈಯೊಂದನ್ನು ಬರೆದ. ಇವತ್ತು ನೀವು ಕಾಣುವ ಎಷ್ಟೋ ಬುರುಡೆ ಅಂಗಿಗಳು ಆ ಚಿತ್ರಗಳ ಮೊಮ್ಮಕ್ಕಳು, ಮರಿಮಕ್ಕಳು.

“ಅಲ್ಲಮ್ಮ, ನೀವು ವರ್ಷಕ್ಕೆ ನಾಲ್ಕು ಸಲ ಚುಂಚನಗಿರಿಗೆ ಹೋಗಿ ಕಾಲಭೈರವನಿಗೆ ಕೈಮುಗಿದು ಬರ್ತೀರಿ. ಭೈರವನ ಕೈಯಲ್ಲಿರೋ ಕಪಾಲ ನಿಮಗೆ ಭಯವೇ?” ಎಂದೆ.

“ಅದು ದೇವರ ಕೈಯಾಗೆ ಮೇಷ್ಟ್ರೇ. ಇದು ಹುಡುಗರ ಕಾಲಾಗೆ” ಅಂದರು. ಅದಕ್ಕೆ ನನ್ನ ಬಳಿ ಮಾತಿರಲಿಲ್ಲ.

ಈಗ ಬೆಲೆಯ ವಿಚಾರ; ಹುಡುಗ ಹೇಳಿದ್ದು ಸುಳ್ಳೇನಲ್ಲ. 2019ರ ಜನವರಿಯಲ್ಲಿ ಸಾಥ್‌ಬೀಸ್ ಎಂಬ ಹೆಸರಾಂತ ಹರಾಜು ಸಂಸ್ಥೆ 248 ಹಲಗೆಗಳನ್ನು ಒಟ್ಟಿಗೆ ಮಾರಿತು. ಬಂದ ಬೆಲೆ 8 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ 5.5 ಕೋಟಿ ರೂಪಾಯಿಗೂ ಮೇಲು. ಆದರೆ ಅದು ಯಾಕೆ ಬಂತು ಅನ್ನುವುದನ್ನು ಅವನು ಕೇಳಿಕೊಂಡಿರಲಿಲ್ಲ. ನ್ಯೂಯಾರ್ಕಿನಲ್ಲಿ ಶುರುವಾದ ಸುಪ್ರೀಮ್ ಎಂಬ ಅಂಗಡಿ 20 ವರ್ಷಗಳಲ್ಲಿ ಹೊರತಂದ ಹಲಗೆಗಳ ಪೂರ್ತಿ ಗಂಟು ಅದು. ಒಂದೊಂದೂ ಕೆಲವೇ ದಿನ ಮಾರಿ ನಿಲ್ಲಿಸಿದ್ದು, ಕೆಲವಕ್ಕೆ ಹೆಸರಾಂತ ಕಲಾವಿದರ ಚಿತ್ರ. ಜೊತೆಗೆ ಇನ್ನೊಂದು ಸಂಗತಿ. ಹಲಗೆಯನ್ನು ಬಳಸಿದವನು ಕಟ್ಟೆಯ ಅಂಚಿಗೆ, ಕಬ್ಬಿಣದ ಕಂಬಿಗೆ ಅದರ ಅಡಿಯನ್ನು ಉಜ್ಜಿಕೊಂಡೇ ಜಾರುತ್ತಾನೆ. ಎಷ್ಟು ಚೆನ್ನಾಗಿ ಆಡಿದರೆ ಅಷ್ಟು ಬೇಗ ಚಿತ್ರ ಅಳಿಯುತ್ತದೆ. ಹಾಗಾಗಿ ಹಳೆಯ ಕಾಲದ ಅಳಿಯದ ಚಿತ್ರ ಅಪರೂಪ, ಅಪರೂಪಕ್ಕೆ ಬೆಲೆ.

ತಾತಂದಿರ ಬೆಂಕಿಪೊಟ್ಟಣದ ಚಿತ್ರಗಳದ್ದೂ ಅಂಚೆಚೀಟಿಗಳದ್ದೂ ಇದೇ ಕತೆ ತಾನೆ? ಅಂದ ಹಾಗೆ, ಚೀಟಿ ಕೂಡಿಸುವ ಮಕ್ಕಳಿಗೆ ಒಂದು ಸುದ್ದಿ: 2023ರಲ್ಲಿ ಅಮೆರಿಕದ ಅಂಚೆ ಇಲಾಖೆ ಸ್ಕೇಟ್‌ಬೋರ್ಡು ಕಲೆಯ ನಾಲ್ಕು ಚೀಟಿ ತಂದಿತು. ಒಂದರಲ್ಲಿ ಅಲಾಸ್ಕಾದ ಬುಡಕಟ್ಟಿನ ಕಲಾವಿದೆ ಕ್ರಿಸ್ಟಲ್ ವರ್ಲ್ ಬರೆದ ಸಾಲ್ಮನ್ ಮೀನಿದೆ. ಬುರುಡೆಯೇ ಬೇಕೆಂಬ ಶಾಸ್ತ್ರವೇನಿಲ್ಲ ಎಂದು ಅಜ್ಜಿಗೆ ಹೇಳಲು ಇದು ಸಾಕಾಯಿತು.

ಹುಡುಗನ ಹಲಗೆಯನ್ನು ತಿರುಗಿಸಿ ನೋಡಿದೆ. ಸಾವಿರಗಟ್ಟಲೆ ಒಂದೇ ಅಚ್ಚಿನಲ್ಲಿ ಬರುವ ಮಾಲು. ಬರೆದವನ ಹೆಸರಿಲ್ಲ, ತಯಾರಿಸಿದ ವರ್ಷವಿಲ್ಲ. “ನಿಮ್ಮ ಅಟ್ಟದ ಮೇಲೆ ಏನಿದೆ?” ಅಂದೆ.

“ಕೊಬ್ಬರಿಗೆ ಹಾಕಿದ ಕಾಯಿ.”

“ಎಷ್ಟು ತಿಂಗಳಾಯ್ತು?”

“ಹತ್ತು. ಅಲ್ಲಾಡಿಸಿದ್ರೆ ಕೆಲವು ಗುಡುಗುಡು ಅಂತಾವೆ.”

“ಅಲ್ಲಿಗೆ ಒಂದು ಎಳನೀರು ಹಾಕಿಟ್ಟಿದ್ರೆ?”

ಅವನು ತೆಂಗಿನ ಸೀಮೆಯ ಹುಡುಗ, ನಕ್ಕುಬಿಟ್ಟ. “ಕೊಳೆಯುತ್ತೆ. ಅದನ್ನ ಅವತ್ತೇ ಕುಡೀಬೇಕು.”

ನಾನು ಮುಂದೆ ಏನೂ ಹೇಳಲಿಲ್ಲ. ಹುಡುಗಿ ಪ್ಲಾಸ್ಟಿಕ್ಕಿನ ಒಂದು ತುದಿ ಹಿಡಿದುಕೊಂಡಿದ್ದಳು, ಬಿಡಲಿಲ್ಲ.

ಜಾಹೀರಾತೆಲ್ಲ ಮೋಸ ಅಂತ ತಾತಂದಿರು ಬಾಯಿ ಹಾಕುವ ಮೊದಲು ಬೆಂಗಳೂರಿನ ಒಂದು ಸಂಗತಿ. ಅಲ್ಲಿ ಹೋಲಿ ಸ್ಟೋಕ್ಡ್ ಎಂಬ ಹಲಗೆ ಹುಚ್ಚಿನ ಗೆಳೆಯರ ಗುಂಪಿತ್ತು. 2013ರಲ್ಲಿ ಲೀವೈಸ್ ಎಂಬ ಜೀನ್ಸ್ ಕಂಪನಿ ಇವರ ಜೊತೆ ಸೇರಿತು. ದೇಶ ವಿದೇಶದ ಆಟಗಾರರು ಬಂದು ತಾವೇ ಸಿಮೆಂಟು ಕಲಸಿ, ಕರಣೆ ಹಿಡಿದು ಏರು ತಗ್ಗಿನ ಆಟದ ಅಂಗಳ ಕಟ್ಟಿದರು. ಕಂಪನಿ ಅದರ ಚಿತ್ರ ತೆಗೆದು ಲೋಕಕ್ಕೆಲ್ಲ ತೋರಿಸಿ ಪ್ಯಾಂಟು ಮಾರಿಕೊಂಡಿತು. ಹೌದು, ವ್ಯಾಪಾರವೇ. ಆದರೆ ಪೋಸ್ಟರು ಅಂಟಿಸಿ ಹೋಗುವ ಬದಲು ಮಕ್ಕಳು ಆಡುವ ಕಾಂಕ್ರೀಟು ಬಿಟ್ಟುಹೋದ ವ್ಯಾಪಾರ. ಇಂಥದ್ದು ಹೆಚ್ಚು ಬರಲಿ ಎಂದೇ ನನ್ನಾಸೆ.

ಹುಡುಗಿಗೆ ಇನ್ನೊಂದು ಚಿತ್ರದ ಕತೆ ಹೇಳಿದೆ. ನಮ್ಮ ಶಾಲೆಗಳಿಂದ ಪ್ರವಾಸ ಹೋಗುವ ಮಹಾಬಲಿಪುರದಲ್ಲಿ ಕಮಲಿ ಎಂಬ ಮೀನುಗಾರರ ಮನೆಯ ಮಗು, ಫ್ರಾಕು ತೊಟ್ಟು ಬರಿಗಾಲಲ್ಲಿ ಹಲಗೆಯ ಮೇಲೆ ಇಳಿಜಾರಿನಿಂದ ಇಳಿಯುತ್ತಿದ್ದಳು. ಅಲ್ಲಿಗೆ ಬಂದಿದ್ದ ಅಮೆರಿಕದ ಆಟಗಾರ ಜೇಮೀ ಥಾಮಸ್ ತೆಗೆದ ಫೋಟೋವನ್ನು, ಈ ಆಟದ ದೊಡ್ಡ ಹೆಸರಾದ ಟೋನಿ ಹಾಕ್ ಜಗತ್ತಿಗೆ ಹಂಚಿದರು. ಅವಳ ಮತ್ತು ಅವಳಮ್ಮನ ಮೇಲೆ ‘ಕಮಲಿ’ ಎಂಬ ಕಿರುಚಿತ್ರವೂ ಬಂತು. ಆ ಫೋಟೋದಲ್ಲಿ ಬುರುಡೆಯೂ ಇಲ್ಲ, ಕಂಪನಿಯ ಅಂಗಿಯೂ ಇಲ್ಲ. ಅಲ್ಲಿ ತಲೆಗೆ ಹೆಲ್ಮೆಟ್ಟೂ ಇಲ್ಲ. ಅದೊಂದನ್ನು ಮಾತ್ರ ನೀನು ಕಲಿಯಬೇಡ ಎಂದೆ. ಅಂದದ ಚಿತ್ರ ತೆಗೆಯುವವರಿಗೆ ಹೆಲ್ಮೆಟ್ಟು, ಮೊಣಕಾಲಿನ ಪಟ್ಟಿ ಯಾವತ್ತೂ ಅಡ್ಡಿ. ಸಿಮೆಂಟಿನ ಮೇಲೆ ಬೀಳುವವರಿಗೆ ಅಲ್ಲ.

ತೀರ್ಪು ಹೀಗಾಯಿತು. ಅಪ್ಪನ ಬೈಕಿನ ಹೆಲ್ಮೆಟ್ಟು ಮಕ್ಕಳ ತಲೆಗೆ ದೊಡ್ಡದು; ಅಳತೆಯದು ಬರುವ ತನಕ ಹಲಗೆ ಅಜ್ಜಿಯ ಮಂಚದಡಿ ಇರಬೇಕು. ಬಂದ ಮೇಲೆ ದಿನ ಬಿಟ್ಟು ದಿನ ಒಬ್ಬೊಬ್ಬರಿಗೆ. ಜಾಗ, ಕೊಬ್ಬರಿ ಒಣಗಿಸುವ ಸಿಮೆಂಟು ಕಣ, ರಸ್ತೆಗೆ ತರಕೂಡದು. ಹುಡುಗ ಒಂದು ಷರತ್ತು ಹಾಕಿದ: ಬಿಚ್ಚುವ ಮೊದಲು ಚಿತ್ರದ ಒಂದು ಫೋಟೋ ತೆಗೆದಿಡಬೇಕು. ನ್ಯಾಯವಾದ ಮಾತು, ಒಪ್ಪಿದೆವು.

ನಿನ್ನೆ ಸಂಜೆ ಆ ಕಡೆ ಹೋಗಿದ್ದೆ. ಹೊಸ ಹೆಲ್ಮೆಟ್ಟಿನ ಹುಡುಗಿ ಅಣ್ಣನ ಭುಜ ಹಿಡಿದು ನಾಲ್ಕು ಮಾರು ಸಾಗಿ, ದೊಪ್ಪನೆ ಕೂತಳು. ಹಲಗೆ ತಾನೊಂದೇ ಓಡಿ ಕಟ್ಟೆಯ ಅಂಚಿಗೆ ಉಜ್ಜಿ ಅಂಗಾತ ಬಿತ್ತು. ಅಜ್ಜಿ ಎದ್ದು ಹೋಗಿ, ಕನ್ನಡಕ ಸರಿಮಾಡಿಕೊಂಡು, ಬಗ್ಗಿ ನೋಡಿದರು.

“ಮೇಷ್ಟ್ರೇ, ಬುರುಡೆಯ ಒಂದು ಹಲ್ಲು ಆಗಲೇ ಹೋಯ್ತು” ಅಂದರು, ಬಹಳ ಸಮಾಧಾನದಿಂದ.