ಸಾಕಿದ ಹಾವಿನ ಚಳಿಗಾಲ

ಈ ಪುಟವನ್ನು ತಪ್ಪದೆ ಓದುವ ಗೃಹಸ್ಥರು ಹಾವಿನ ಹೆಸರನ್ನು ಕಂಡೊಡನೆ ಹಾಳೆಯನ್ನು ಮಗುಚದಿರಲಿ ಎಂದು ಮೊದಲೇ ಬೇಡಿಕೊಳ್ಳುತ್ತೇನೆ. ಹಸು, ಗಿಳಿ, ಬೆಕ್ಕುಗಳ ವಿಷಯ ಬಂದಿರುವ ಕಡೆ ಹಾವೊಂದು ಬಂದರೆ ದೋಷವಿಲ್ಲ. ಅದೂ ನಮ್ಮೂರಿನ ಹಾವಲ್ಲ. ಅಮೆರಿಕದ ಮಿಚಿಗನ್ ಪ್ರಾಂತದಲ್ಲಿರುವ ನನ್ನ ಮಗನ ಮನೆಯದು. ನಮ್ಮ ದೇಶದಲ್ಲಿಯಾದರೋ ನಾಗರ, ಕೇರೆ ಮೊದಲಾದ ಇಲ್ಲಿನ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೇರೆಗೆ ಅಪರಾಧ. ಆದುದರಿಂದ ಇದನ್ನೋದಿ ಯಾರೂ ಬುಟ್ಟಿ ಹಿಡಿದು ಹೊರಡತಕ್ಕದ್ದಲ್ಲ. ಆದರೆ ಮಕ್ಕಳು ಮೊಮ್ಮಕ್ಕಳು ಶೀತದೇಶಗಳಲ್ಲಿ ನೆಲೆಸಿರುವ ಮನೆಗಳು ನಮ್ಮಲ್ಲಿ ಈಗ ಬಹಳ. ಅಲ್ಲಿ ಹುಡುಗರು ಹಾವನ್ನು ಸಾಕುವುದು ನಾವೆಣಿಸುವಷ್ಟು ಅಪರೂಪವಲ್ಲ.

ನನ್ನ ಮೊಮ್ಮಗನಿಗೆ ಹದಿನಾಲ್ಕು ವರ್ಷ. ಅವನು ಸಾಕಿದ್ದು ಕಾರ್ನ್ ಸ್ನೇಕ್ ಎಂಬ ಜಾತಿ: ಆಗ್ನೇಯ ಅಮೆರಿಕದ್ದು, ವಿಷವಿಲ್ಲದ್ದು, ಕಿತ್ತಳೆಯ ಮೈಮೇಲೆ ಕೆಂಪು ಮಚ್ಚೆಗಳುಳ್ಳದ್ದು, ಇಲಿಯೇ ಅದರ ಆಹಾರ. ಎರಡು ವರ್ಷಗಳ ಕೆಳಗೆ ಶರತ್ಕಾಲದಲ್ಲಿ ಅವನು ದೂರವಾಣಿಯಲ್ಲಿ ನನ್ನನ್ನೊಂದು ಪ್ರಶ್ನೆ ಕೇಳಿದನು. ಕಾಡಿನಲ್ಲಿ ಈ ಹಾವುಗಳು ಚಳಿಗಾಲವನ್ನು ಬಿಲದಲ್ಲಿ ನಿರಾಹಾರವಾಗಿ ಕಳೆಯುತ್ತವಂತೆ. ತಾನೂ ತನ್ನ ಹಾವನ್ನು ತಂಪಿನಲ್ಲಿಡಬೇಕೆಂದಿದ್ದೇನೆ. ಎರಡು ಮೂರು ತಿಂಗಳ ಉಪವಾಸ ಅದಕ್ಕೆ ಕಷ್ಟವಾಗದೆ, ತಾತ? ಜನ್ಮದಲ್ಲಿ ಹಾವನ್ನು ಮುಟ್ಟದ ನಾನು, ಪಾಠಶಾಲೆಯ ವೇದಿಕೆಯ ಮೇಲೆ ನಿಂತವನಂತೆ, "ದೀರ್ಘೋಪವಾಸಕ್ಕೆ ಮುನ್ನ ಹೊಟ್ಟೆತುಂಬ ಉಣ್ಣಿಸು" ಎಂದುಬಿಟ್ಟೆನು. ಹುಡುಗನು ಎರಡು ಇಲಿಗಳನ್ನು ಕೊಟ್ಟು, ಮರುದಿನವೇ ಪೆಟ್ಟಿಗೆಯನ್ನು ತಣ್ಣಗಿನ ನೆಲಮಾಳಿಗೆಗೆ ಇಳಿಸಿದನು. ಮೂರನೆಯ ವಾರದಲ್ಲಿ ಹಾವು ಹೊಟ್ಟೆಯುಬ್ಬಿ ಸತ್ತಿತು.

ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದವಳು ನನ್ನ ಮನೆಯಾಕೆ. "ಏಕಾದಶಿಗೆ ಮುನ್ನ ದಶಮಿಯ ರಾತ್ರಿ ನಾವು ಉಣ್ಣುತ್ತೇವೆಯೆ? ಶಾಸ್ತ್ರ ಓದಿದವರು ನೀವು!" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಕಾರಣವನ್ನು ಆಮೇಲೆ ತಿಳಿದುಕೊಂಡೆನು. ನಮಗೆ ದೇಹೋಷ್ಣವು ಒಳಗಿನಿಂದ ಹುಟ್ಟುತ್ತದೆ. ಹಾವಿಗೆ ಅದು ಹೊರಗಿನಿಂದ ಬರಬೇಕು. ಜಠರಾಗ್ನಿಯೆಂದು ನಾವು ಕರೆಯುವುದು ಹಾವಿನಲ್ಲಿ ನಿಜವಾಗಿ ಹೊರಗಿನ ಬೆಂಕಿಯ ಸಾಲವೇ. ಸುತ್ತಲಿನ ಉಷ್ಣಮಾನ ಇಳಿಯಿತೆಂದರೆ ಜೀರ್ಣರಸಗಳ ಕೆಲಸ ನಿಲ್ಲುತ್ತದೆ. ನುಂಗಿದ ಇಲಿಯು ಪಚನವಾಗದೆ ಹೊಟ್ಟೆಯಲ್ಲಿಯೇ ಕೊಳೆಯುತ್ತದೆ. ಅಮರಕೋಶದಲ್ಲಿ ಹಾವಿಗೆ ಪವನಾಶನವೆಂದೂ ಬಿಲೇಶಯವೆಂದೂ ಹೆಸರುಂಟು. ಗಾಳಿಯನ್ನುಂಡು ಬದುಕುವ ಪ್ರಾಣಿಯಿಲ್ಲವೆಂಬುದು ಸರಿ. ಆದರೆ ಬಿಲದೊಳಗೆ ತಿಂಗಳುಗಟ್ಟಲೆ ಉಣ್ಣದೆ ಮಲಗಿದ ಹಾವಿಗೆ ಅದು ಒಪ್ಪುವ ಹೆಸರೇ.

ಈ ಅವಸ್ಥೆಗೆ 1965ರಲ್ಲಿ ಮೇಹ್ಯೂ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞನು ಬ್ರೂಮೇಶನ್ ಎಂದು ಹೆಸರಿಟ್ಟನು. ಲ್ಯಾಟಿನಿನಲ್ಲಿ ಬ್ರೂಮಾ ಎಂದರೆ ಚಳಿಗಾಲ. ಶೀತಜಾಡ್ಯವೆನ್ನೋಣವೆಂದರೆ, ಸಂಸ್ಕೃತದಲ್ಲಿ ಜಡತೆಯಾದ ಜಾಡ್ಯವು ಕನ್ನಡಕ್ಕೆ ಬಂದು ರೋಗವಾಗಿ ಕುಳಿತಿದೆ! ಶೀತಸ್ತಬ್ಧತೆ ಎಂದಿಟ್ಟುಕೊಳ್ಳೋಣ. ಇದು ಗಾಢನಿದ್ರೆಯಲ್ಲ. ಹಾವು ನಡುನಡುವೆ ಮೆಲ್ಲನೆ ಚಲಿಸುತ್ತದೆ, ನೀರು ಕುಡಿಯುತ್ತದೆ. ನೀರಿನ ಬಟ್ಟಲು ಒಂದು ದಿನವೂ ಬರಿದಾಗಬಾರದು. ಹಾಲು ಬೇಡವೇ ಬೇಡ.

ಇನ್ನು ಕ್ರಮ. ಪುಷ್ಟವಾದ, ರೋಗವಿಲ್ಲದ, ಬೆಳೆದ ಹಾವನ್ನು ಮಾತ್ರ ತಂಪಿಗಿಡಬೇಕು. ಬಡಕಲಾದದ್ದನ್ನೂ ವರ್ಷ ತುಂಬದ ಮರಿಯನ್ನೂ ಬೆಚ್ಚಗೇ ಬಿಡುವುದು ಲೇಸು. ಕಡೆಯ ಆಹಾರವನ್ನು ಕೊಟ್ಟಮೇಲೆ ಎರಡು ವಾರಗಳವರೆಗೆ ಎಂದಿನ ಬೆಚ್ಚನೆಯ ಸ್ಥಳದಲ್ಲಿಯೇ ಇಟ್ಟು, ಕೋಷ್ಠಶುದ್ಧಿಯಾಗಲು ಬಿಡಬೇಕು. ನಾವು ಮಾಡದೆ ಬಿಟ್ಟದ್ದು ಇದೇ. ಬಳಿಕ ಒಂದೆರಡು ವಾರಗಳಲ್ಲಿ ಉಷ್ಣಮಾನವನ್ನು ಮೆಟ್ಟಿಲಿಳಿದಂತೆ ಇಳಿಸಿ, ಹತ್ತರಿಂದ ಹದಿಮೂರು ಡಿಗ್ರಿ ಸೆಂಟಿಗ್ರೇಡಿನಲ್ಲಿ, ಕತ್ತಲೆಯಲ್ಲಿ, ಎಂಟರಿಂದ ಹನ್ನೆರಡು ವಾರ ನಿಲ್ಲಿಸುವುದು. ಅದಕ್ಕಿಂತ ಬಹಳ ಕೆಳಗಿಳಿದರೆ ಪ್ರಾಣಾಪಾಯ. ಇಳಿಯಬೇಕಾದಷ್ಟು ಇಳಿಯದಿದ್ದರೂ ಕೇಡೇ: ಪಚನಕ್ಕೆ ಸಾಲದ, ವಿಶ್ರಾಂತಿಗೆ ಹೆಚ್ಚಾದ ಆ ನಡುವಣ ಉಷ್ಣದಲ್ಲಿ ಹಾವು ತನ್ನ ಕೊಬ್ಬನ್ನು ವೃಥಾ ಕರಗಿಸಿಕೊಳ್ಳುತ್ತದೆ. ಹಾಸು ಒಣಗಿರಬೇಕು, ತೇವವೂ ಚಳಿಯೂ ಸೇರಿದರೆ ಶ್ವಾಸಕೋಶಕ್ಕೆ ರೋಗ ಹತ್ತುತ್ತದೆ. ಬಾಯಲ್ಲಿ ನೊರೆ, ಉಸಿರಿನಲ್ಲಿ ಶಬ್ದ ಕಂಡರೆ, ಅಥವಾ ತೂಕದಲ್ಲಿ ಹತ್ತರಲ್ಲೊಂದು ಪಾಲು ಇಳಿದರೆ, ವ್ರತವನ್ನು ಅಲ್ಲಿಗೇ ಮುಗಿಸಿ, ಮೆಲ್ಲಗೆ ಬೆಚ್ಚಗೆ ಮಾಡಿ, ಪಶುವೈದ್ಯನಿಗೆ ತೋರಿಸತಕ್ಕದ್ದು. ಕೊನೆಗೆ ಏರಿಸುವುದೂ ಇಳಿಸಿದಷ್ಟೇ ನಿಧಾನವಾಗಿ. ಪೂರ್ತಿ ಬೆಚ್ಚಗಾಗಿ ಕೆಲವು ದಿನ ಕಳೆದಮೇಲೆ ಸಣ್ಣದೊಂದು ಇಲಿಯಿಂದ ಪಾರಣೆ.

ಇದಿಷ್ಟೂ ಶೀತವನ್ನು ಬಲ್ಲ ದೇಶದ ಹಾವಿಗೆ ಸಂದದ್ದು. ಪಶ್ಚಿಮ ಆಫ್ರಿಕದಿಂದ ಬಂದ ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವನ್ನೂ ಅಲ್ಲಿ ಮನೆಮನೆಗಳಲ್ಲಿ ಸಾಕುತ್ತಾರೆ. ಅದನ್ನು ಹೀಗೆ ತಣ್ಣಗೆ ಮಾಡಿದರೆ ಕೊಂದಂತೆಯೇ.

"ಕಾಡಿನ ಹಾವಿಗೆ ಯಾರು ಉಷ್ಣಮಾಪಕ ಹಿಡಿಯುತ್ತಾರೆ?" ಎಂದು ಕೇಳುವವರುಂಟು. ಕೆನಡಾದ ಮ್ಯಾನಿಟೋಬದಲ್ಲಿ ನಾರ್ಸಿಸ್ ಎಂಬ ಸ್ಥಳವಿದೆ. ಅಲ್ಲಿನ ಸುಣ್ಣಕಲ್ಲಿನ ಬಿರುಕುಗಳಲ್ಲಿ ಗಾರ್ಟರ್ ಹಾವುಗಳು ಸಾವಿರ ಸಾವಿರವಾಗಿ ಹೆಣೆದುಕೊಂಡು, ಹೆಪ್ಪುಗಟ್ಟುವ ಮಣ್ಣಿನ ಕೆಳಗೆ ಚಳಿಗಾಲವನ್ನು ನೂಕುತ್ತವೆ. ವಸಂತದಲ್ಲಿ ಅವು ಹೊರಬರುವುದನ್ನು ಕಾಣಲು ದೂರದೂರದಿಂದ ಜನ ಬರುತ್ತಾರೆ. 1999ರಲ್ಲಿ, ಅವು ಕೆಳಗಿಳಿಯುವಷ್ಟರೊಳಗೆ ಕಠಿನವಾದ ಶೀತ ಬಂದು, ಹತ್ತಾರು ಸಾವಿರ ಹಾವುಗಳು ಸತ್ತುಹೋದವು. ಕಾಡಿನ ಹಾವಿಗಾದರೆ ಆಳವಾದ ಬಿಲವನ್ನರಸಿ ಹೋಗುವ ಸ್ವಾತಂತ್ರ್ಯವಾದರೂ ಉಂಟು. ಪೆಟ್ಟಿಗೆಯ ಹಾವಿಗೆ ಅದೂ ಇಲ್ಲ.

ಅಷ್ಟಕ್ಕೂ ಇದು ಅವಶ್ಯವೇ? ಮರಿಮಾಡಿಸುವ ಅಪೇಕ್ಷೆಯುಳ್ಳವರಿಗೆ ಪ್ರಯೋಜನವುಂಟು. ಶೀತದ ಬಳಿಕವೇ ಈ ಹಾವುಗಳಿಗೆ ಋತು ಒದಗುವುದು. ಒಂಟಿ ಹಾವನ್ನು ಸಾಕಿದವರು ವರ್ಷವೆಲ್ಲ ಬೆಚ್ಚಗಿಟ್ಟು ಉಣ್ಣಿಸಿದರೆ ನಷ್ಟವೇನೂ ಇಲ್ಲ. ಈ ಸಲ ಮೊಮ್ಮಗನಿಗೆ ಇದನ್ನೇ ಹೇಳಿದೆನು. ಹೊಸ ಹಾವೂ ಅವನಲ್ಲಿ ಒಂದೇ. ಆದರೆ ಹಗಲು ಕುಗ್ಗುತ್ತಲೇ ಅದು ತಾನಾಗಿಯೇ ಇಲಿಯನ್ನು ಮೂಸಿ ಬಿಡತೊಡಗಿತು. ಅವನು ಅದನ್ನು ಪಶುವೈದ್ಯನಿಗೆ ತೋರಿಸಿ, ಆರೋಗ್ಯವಾಗಿದೆಯೆಂದು ಒಪ್ಪಿಸಿಕೊಂಡು, ಎರಡು ವಾರ ಬೆಚ್ಚಗಿನ ಉಪವಾಸದಲ್ಲಿಟ್ಟು, ಅನಂತರವೇ ನೆಲಮಾಳಿಗೆಗೆ ಇಳಿಸಿದನು. ನನ್ನ ಸಲಹೆಯನ್ನು ಕೇಳಲಿಲ್ಲ, ಅಜ್ಜಿಯನ್ನು ಕೇಳಿದನಂತೆ.

ಪ್ರತಿ ಭಾನುವಾರ ಅವನು ಲೆಕ್ಕ ಒಪ್ಪಿಸುತ್ತಾನೆ. ಮನೆಯಾಕೆ ಪಂಚಾಂಗದ ಅಂಚಿನಲ್ಲಿ ಬರೆದಿಡುತ್ತಾಳೆ. ಹೋದ ವಾರ ಐದನೆಯದು: ಹನ್ನೊಂದು ಡಿಗ್ರಿ, ಇಳಿಸಿದಂದು 412 ಗ್ರಾಂ ಇದ್ದ ತೂಕ ಈಗ 406, ನೀರು ಕುಡಿದಿದೆ.