ಆರೇ ತಿಂಗಳಲ್ಲಿ ನರ್ಸ್ ಆಗಬಹುದೇ? ಕೆಜಿಎಫ್, ಬಂಗಾರಪೇಟೆಯ ಮನೆಗಳಿಗೆ ಆರೋಗ್ಯ ಕೋರ್ಸುಗಳ ಲೆಕ್ಕ

ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ‘ಆರೇ ತಿಂಗಳಲ್ಲಿ ನರ್ಸ್ ಆಗಿ’, ‘ಕೋರ್ಸ್ ಮುಗಿದ ದಿನವೇ ಕೆಲಸ’, ‘ವಿದೇಶಕ್ಕೆ ನೇರ ಅವಕಾಶ’. ಕಳುಹಿಸುವವರು ಒಳ್ಳೆಯ ಮನಸ್ಸಿನಿಂದಲೇ ಕಳುಹಿಸುತ್ತಾರೆ. ಆದರೆ ಮನೆಯ ಹಿರಿಮಗಳೋ ಹಿರಿಮಗನೋ ಅದನ್ನು ನಂಬಿ ಹಣ ಕಟ್ಟಿದರೆ ಇಡೀ ಕುಟುಂಬದ ಎರಡು ಮೂರು ವರ್ಷ ಅದರ ಮೇಲೆ ನಿಲ್ಲುತ್ತದೆ. ಹಾಗಾಗಿ ಈ ಸಂದೇಶಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ನಾವು ಇಲ್ಲಿ ಬಿಡಿಸಿ ನೋಡುತ್ತೇವೆ.

ಹಿನ್ನೆಲೆ ಏನು?

ಕೆಜಿಎಫ್‌ನಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ ತಂದೆಯ ಕೆಲಸ ಮಗನಿಗೆ ಎಂಬಂತೆ ನಡೆದುಬಂದ ಬದುಕು ಅಲ್ಲಿಗೆ ನಿಂತಿತು. ಅಂದಿನಿಂದ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ ನಿಲ್ದಾಣಗಳಲ್ಲಿ ಬೆಳಗಿನ ಜಾವವೇ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವುದೇ ಸಾವಿರಾರು ಜನರ ದಿನಚರಿ. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ರೈಲು ದಾರಿ.

ಇಲ್ಲಿ ಆಸ್ಪತ್ರೆಯ ನಂಟೂ ಹಳೆಯದು. ಕಲ್ಲುಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಕಾಯಿಲೆ ಭಾರತದಲ್ಲಿ ಮೊದಲು ವರದಿಯಾದದ್ದು ಕೋಲಾರ ಚಿನ್ನದ ಗಣಿಗಳಲ್ಲೇ. ಹಾಗಾಗಿ ಆರೋಗ್ಯ ಕ್ಷೇತ್ರದ ಕೆಲಸ ಎಂದರೆ ಇಲ್ಲಿನ ಮನೆಗಳಿಗೆ ಸಂಬಳವೂ ಹೌದು, ಗೌರವವೂ ಹೌದು.

ಹೇಳಿಕೆ 1: ಆರು ತಿಂಗಳ ಕೋರ್ಸ್ ಮಾಡಿದರೆ ನರ್ಸ್

ಸುಳ್ಳು. ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಆದವರು ಮಾತ್ರ ನರ್ಸ್. ಅದಕ್ಕೆ ಇರುವ ದಾರಿಗಳು ಮೂರು. ಎಎನ್‌ಎಂ 2 ವರ್ಷ, ಇದು ಮಹಿಳೆಯರಿಗೆ ಮಾತ್ರ. ಜಿಎನ್‌ಎಂ 3 ವರ್ಷ. ಬಿಎಸ್ಸಿ ನರ್ಸಿಂಗ್ 4 ವರ್ಷ. ಆರು ತಿಂಗಳ ಸರ್ಟಿಫಿಕೇಟಿನಿಂದ ಸಿಗುವುದು ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಅಥವಾ ವಾರ್ಡಿನಲ್ಲಿ ಸಹಾಯಕರಾಗುವ ಕೆಲಸ. ಅದೂ ಮರ್ಯಾದೆಯ ದುಡಿಮೆಯೇ. ಆದರೆ ಅಲ್ಲಿಂದ ನರ್ಸ್ ಹುದ್ದೆಗೆ ಬಡ್ತಿ ಸಿಗುವುದಿಲ್ಲ.

ಹೇಳಿಕೆ 2: ಸೈನ್ಸ್ ಓದದವರಿಗೆ ಬಾಗಿಲು ಮುಚ್ಚಿದೆ

ಅರ್ಧ ನಿಜ. ಬಿಎಸ್ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಬೇಕೇ ಬೇಕು. ಫಾರ್ಮಸಿ ಡಿಪ್ಲೊಮಾಕ್ಕೂ ವಿಜ್ಞಾನ ಬೇಕು. ಆದರೆ ಜಿಎನ್‌ಎಂಗೆ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು. ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ, ಡಯಾಲಿಸಿಸ್‌ನಂಥ ಪ್ಯಾರಾಮೆಡಿಕಲ್ ಡಿಪ್ಲೊಮಾಗಳಿಗೆ ಎಸ್ಸೆಸ್ಸೆಲ್ಸಿ ನಂತರವೂ ದಾರಿ ಇದೆ, ಅವಧಿ ಮಾತ್ರ ಹೆಚ್ಚು. ‘ನರ್ಸಿಂಗ್ ಹೆಣ್ಣುಮಕ್ಕಳಿಗೆ ಮಾತ್ರ’ ಎಂಬ ಮಾತೂ ತಪ್ಪು. ಜಿಎನ್‌ಎಂ, ಬಿಎಸ್ಸಿ ಎರಡಕ್ಕೂ ಗಂಡುಮಕ್ಕಳು ಸೇರುತ್ತಾರೆ.

ಹೇಳಿಕೆ 3: ಡಿಪ್ಲೊಮಾ ಮಾಡಿದರೆ ಅಲ್ಲಿಗೇ ನಿಲ್ಲಬೇಕು

ಸುಳ್ಳು. ಜಿಎನ್‌ಎಂ ಮುಗಿಸಿ, ಕೆಲವು ವರ್ಷ ದುಡಿದು, ಆಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ದೆಹಲಿಯ ಏಮ್ಸ್ ನಡೆಸುವ ನರ್ಸಿಂಗ್ ಆಫೀಸರ್ ಪರೀಕ್ಷೆಗೂ ಜಿಎನ್‌ಎಂ ಆದವರು, ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಇದ್ದರೆ, ಅರ್ಜಿ ಹಾಕಬಹುದು. ಮೂರು ಮತ್ತು ಎರಡು ಸೇರಿ ಒಟ್ಟು 5 ವರ್ಷ. ನೇರ ಬಿಎಸ್ಸಿಗಿಂತ ಒಂದು ವರ್ಷ ಹೆಚ್ಚು. ಆದರೆ ನಡುವೆ ಮನೆಗೆ ಸಂಬಳ ಬಂದಿರುತ್ತದೆ. ಇದೇ ಮುಖ್ಯ ವಿಷಯ.

ಮೂರು ವರ್ಷವೋ, ನಾಲ್ಕು ವರ್ಷವೋ?

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಷ್ಟೇ, ನಿಮ್ಮ ಕಾಲೇಜಿನ ಅಂಕಿಗಳನ್ನು ಹಾಕಿಕೊಳ್ಳಿ. ವರ್ಷಕ್ಕೆ ಫೀಸು, ಓಡಾಟ ಸೇರಿ 80,000 ರೂಪಾಯಿ ಎಂದುಕೊಳ್ಳಿ. ಆರಂಭದ ಸಂಬಳ ತಿಂಗಳಿಗೆ 15,000. ಬಿಎಸ್ಸಿಯ ನಾಲ್ಕನೇ ವರ್ಷಕ್ಕೆ ನೀವು ಕೊಡುವ ಬೆಲೆ 80,000 ಮಾತ್ರವಲ್ಲ. ಆ ವರ್ಷ ಬಾರದ 1,80,000 ರೂಪಾಯಿ ಸಂಬಳವೂ ಸೇರಿ 2,60,000. ಬಿಎಸ್ಸಿ ಆದವರಿಗೆ ತಿಂಗಳಿಗೆ 3,000 ಹೆಚ್ಚು ಸಿಕ್ಕರೆ ಅದನ್ನು ತುಂಬಲು ಏಳು ವರ್ಷದ ಮೇಲೆ ಬೇಕು. 6,000 ಹೆಚ್ಚು ಸಿಕ್ಕರೆ ಮೂರೂವರೆ ವರ್ಷಕ್ಕಿಂತ ತುಸು ಹೆಚ್ಚು ಸಾಕು.

ಇನ್ನು ಸಾಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಒಂದು ಲಕ್ಷ ತಂದರೆ ವರ್ಷದ ಬಡ್ಡಿಯೇ 36,000. ಮೇಲೆ ಹೇಳಿದ 3,000 ರೂಪಾಯಿ ಹೆಚ್ಚುವರಿ ಸಂಬಳ ವರ್ಷಕ್ಕೆ ಎಷ್ಟಾಗುತ್ತದೆ? ಅದೂ 36,000. ಅಂದರೆ ಓದಿ ಗಳಿಸಿದ ಲಾಭವೆಲ್ಲ ಬಡ್ಡಿಯವರ ಕೈಗೆ. ಆದ್ದರಿಂದ ಕೋರ್ಸ್ ಯಾವುದು ಎಂಬಷ್ಟೇ ಮುಖ್ಯ, ಹಣ ಎಲ್ಲಿಂದ ಎಂಬುದು. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಆಸ್ತಿ ಅಡವಿಡಬೇಕಿಲ್ಲ. ಕಂತು ಶುರುವಾಗುವುದು ಓದು ಮುಗಿದ ಮೇಲೆ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಮೊದಲು ಅರ್ಜಿ ಹಾಕಿ, ಉಳಿದದ್ದಕ್ಕೆ ಸಾಲ ನೋಡಿ.

ನಮ್ಮ ಅಭಿಪ್ರಾಯ ಇಷ್ಟು. ಮನೆಯಲ್ಲಿ ಇನ್ನೊಬ್ಬರು ದುಡಿಯುತ್ತಿದ್ದು, ಸೈನ್ಸ್ ಓದಿದ್ದರೆ ಬಿಎಸ್ಸಿ ಒಳ್ಳೆಯದು. ಮುಂದೆ ಎಂಎಸ್ಸಿ, ಬೋಧನೆಗೆ ಅದು ನೇರ ದಾರಿ. ಮನೆಯ ಅಡುಗೆ ಒಲೆ ನಿಮ್ಮ ಸಂಬಳವನ್ನೇ ಕಾಯುತ್ತಿದ್ದರೆ ಜಿಎನ್‌ಎಂ ಅಥವಾ ಲ್ಯಾಬ್ ಡಿಪ್ಲೊಮಾದಿಂದ ಆರಂಭಿಸುವುದು ಸೋಲಲ್ಲ.

ರೈಲಿನ ವೇಳೆಯನ್ನೂ ನೋಡಿ

ನರ್ಸ್ ಕೆಲಸದಲ್ಲಿ ರಾತ್ರಿ ಪಾಳಿ ತಪ್ಪದು. ಪಾಳಿ ಮುಗಿಯುವ ಹೊತ್ತಿಗೆ ರೈಲು ಇದೆಯೇ ಎಂದು ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಸಂಬಳ ಹೆಚ್ಚು ಎಂದರೆ ಪಿಜಿ ಬಾಡಿಗೆ, ಊಟ ಕಳೆದು ಉಳಿಯುವುದೆಷ್ಟು ಎಂದು ಕೇಳಿ. ಲ್ಯಾಬ್, ಔಷಧ ಅಂಗಡಿಯ ಕೆಲಸಗಳಲ್ಲಿ ಹಗಲು ವೇಳೆ ಸಿಗುವ ಸಾಧ್ಯತೆ ಹೆಚ್ಚು. ಕಾಯಿಲೆಯ ತಂದೆ, ಚಿಕ್ಕ ತಮ್ಮ ತಂಗಿಯರು ಮನೆಯಲ್ಲಿದ್ದರೆ ಇದು ದೊಡ್ಡ ವ್ಯತ್ಯಾಸ. ಕೋಲಾರದ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು, ನಗರದಲ್ಲಿ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇವೆ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ.

ಹಣ ಕಟ್ಟುವ ಮುನ್ನ

• ನರ್ಸಿಂಗ್ ಆದರೆ ರಾಜ್ಯ ಶುಶ್ರೂಷಾ ಪರಿಷತ್ತು, ಡಿಪ್ಲೊಮಾ ಆದರೆ ಪ್ಯಾರಾಮೆಡಿಕಲ್ ಬೋರ್ಡ್, ಪದವಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕಾಲೇಜಿನ ಹೆಸರು ಆ ಪಟ್ಟಿಯಲ್ಲಿ ಈ ವರ್ಷವೂ ಇದೆಯೇ ನೋಡಿ. ಏಜೆಂಟ್ ತೋರಿಸುವ ಫೋಟೊ ಸಾಲದು.
• ವಿದ್ಯಾರ್ಥಿಗಳು ಯಾವ ಆಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತಾರೆ ಎಂದು ಕೇಳಿ, ಒಮ್ಮೆ ಹೋಗಿ ನೋಡಿ ಬನ್ನಿ.
• ಎಲ್ಲ ವರ್ಷಗಳ ಫೀಸನ್ನೂ ಬರವಣಿಗೆಯಲ್ಲಿ ಪಡೆಯಿರಿ. ಪ್ರತಿ ಪಾವತಿಗೂ ರಸೀದಿ ಇರಲಿ.
• ಮೂಲ ಅಂಕಪಟ್ಟಿಯನ್ನು ಒತ್ತೆಯಂತೆ ಬಿಟ್ಟು ಬರಬೇಡಿ.
• ವಿದೇಶದ ಕೆಲಸಕ್ಕೆ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ತೆರಿಗೆ. ಲಕ್ಷಗಳಲ್ಲಿ ಕೇಳಿದರೆ ಎದ್ದು ಬನ್ನಿ. ಏಜೆಂಟ್ ಹೆಸರನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹುಡುಕಬಹುದು.

ಒಟ್ಟಾರೆ

ಆರೋಗ್ಯ ಕ್ಷೇತ್ರದಲ್ಲಿ ಕೆಲಸಗಳಿವೆ ಎಂಬುದು ನಿಜ. ಗ್ಯಾರಂಟಿ ಕೊಡುವವರು ಯಾರೂ ಇಲ್ಲ ಎಂಬುದೂ ನಿಜ. ‘ಆರೇ ತಿಂಗಳಲ್ಲಿ’ ಎಂಬ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳುಹಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಕೋರ್ಸ್ ಮುಗಿಸಿದರೆ ಯಾವ ಪರಿಷತ್ತಿನಲ್ಲಿ ನೋಂದಣಿ ಆಗುತ್ತದೆ? ಉತ್ತರ ಬಾರದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.